ಕೇಳಿ ಕಟ್ಟಿದ ಸುಂಕ

ಮಾಂಜ್ರಾ ಹೊಳೆಯ ಭಾಲ್ಕಿ ದಡದಿಂದ ಔರಾದ ದಡಕ್ಕೆ ಜನರನ್ನು ದಾಟಿಸುತ್ತಿದ್ದವಳು ಗಿರಿಜಾಬಾಯಿ. ಗಂಡ ಸತ್ತ ಮೇಲೆ ಹುಟ್ಟು ಹಿಡಿದವಳು, ಹೊಳೆ ತುಂಬಿ ಬಂದಾಗಲೂ ಒಬ್ಬರ ಸೆರಗನ್ನೂ ನೆನೆಸಿದವಳಲ್ಲ. ಇದನ್ನು ಅವಳೇ ಹೇಳಿಕೊಳ್ಳುತ್ತಿದ್ದಳು, ಹೇಳಿಕೊಂಡರೆ ತಪ್ಪೇನು? ರಜಾಕಾರರ ಗದ್ದಲದಲ್ಲಿ ಯಾರೋ ಅವಳ ದೋಣಿ ಸುಟ್ಟರು. ಪೊಲೀಸ್ ಆ್ಯಕ್ಷನ್ ಆದ ಮೇಲೆ ಎರಡು ವರ್ಷ ಕೂಲಿ ಮಾಡಿ, ಕಿವಿಯ ಬುಗುಡಿ ಮಾರಿ, ಪಂಢರಪುರದಲ್ಲಿ ಎಂಬತ್ತು ರೂಪಾಯಿಗೆ ಒಂದು ಹಳೆಯ ದೋಣಿ ಕೊಂಡಳು. ಮಳೆಗಾಲದೊಳಗೆ ಅದು ನೀರಿಗಿಳಿಯದಿದ್ದರೆ ಘಾಟಿನಲ್ಲಿ ಜನ ದಾಟಿಸುವ ಹಕ್ಕು ಬೇರೆಯವರ ಪಾಲಾಗುತ್ತಿತ್ತು.

ಅಲ್ಲೇ ಅವಳು ಎಡವಿದಳು. ಹಿಂದಿನ ಮಾಲಕರು ಬಳಿದ ಡಾಂಬರಿನಲ್ಲೇ ದೋಣಿಯನ್ನು ಮನೆಯ ಹೊಳೆಗೆ ತರಬಾರದೆಂಬುದು ಅವಳ ಮಂದಿಯ ಪದ್ಧತಿ. ಎರಡು ದಿನ ಅಲ್ಲಿಯ ಭೀಮೆಯ ದಡದಲ್ಲೇ ಕೂತು ಹೊಸ ಡಾಂಬರು ಬಳಿದು, ದೋಣಿಯನ್ನು ಮಿರಿಮಿರಿ ಮಿಂಚಿಸಿ ಮಾಲುಗಾಡಿಗೆ ಹಾಕಿಸಿದಳು. ಪಂಢರಪುರದಂಥ ಬೊಂಬಾಯಿ ಕಡೆಯ ಊರುಗಳ ಮಾಲಿಗೆ ಹೈದರಾಬಾದ ಸಂಸ್ಥಾನದಲ್ಲಿ ಇನ್ನೂ ನೂರಕ್ಕೆ ಐದರಂತೆ ಕರೋಡಗಿರಿ ಸುಂಕವಿತ್ತು. ಭಾಲ್ಕಿ ಸ್ಟೇಷನ್ನಿನಲ್ಲಿ ಸುಂಕದ ಮುನ್ಷಿ ಫಕ್ರೋದ್ದೀನ ದೋಣಿಗೆ ಒಂದು ಸುತ್ತು ಹಾಕಿ, ಹೊಸದು, ಇನ್ನೂರು ರೂಪಾಯಿಯ ಮಾಲು, ಸುಂಕ ಹತ್ತು ಎಂದ. ಕಟ್ಟದಿದ್ದರೆ ದೋಣಿ ಗೋದಾಮಿಗೆ. ಬಾಯಿಮಾತಿನ ವ್ಯಾಪಾರ, ತೋರಿಸಲು ಚೀಟಿಯಿಲ್ಲ.

ಸೆರಗಿನ ಗಂಟಿನಲ್ಲಿದ್ದದ್ದು ಆರೇ ರೂಪಾಯಿ. ಗಿರಿಜಾಬಾಯಿ ವಾದಕ್ಕೆ ನಿಲ್ಲಲಿಲ್ಲ. ಕುಡಗೋಲು ತಂದು, ತಾನೇ ಬಳಿದ ಡಾಂಬರನ್ನು ತಾನೇ ಕೆರೆಯತೊಡಗಿದಳು. ಮಧ್ಯಾಹ್ನದ ಹೊತ್ತಿಗೆ ತಗಡಿನ ತೇಪೆಗಳು, ಹಳೆಯ ಮೊಳೆಯ ತೂತುಗಳು ಒಂದೊಂದಾಗಿ ಹೊರಬಿದ್ದವು.

ಫಕ್ರೋದ್ದೀನನಿಗೆ ಕರುಣೆ ಬಂತು. ಇದು ಬರೀ ಕಬಾಡ, ಗುಜರಿ ಮಾಲು, ಬೆಲೆಯೇ ಇಲ್ಲವೆಂದು ಬರೆಯುತ್ತೇನೆ, ಸುಂಕವಿಲ್ಲದೆ ಒಯ್ಯಿ ಎಂದ. ಹಮಾಲ ಕಾಶೀರಾಮ, ಕೈ ಮುಗಿದು ಹೊರಡು ಎಂದು ಅವಳಿಗೆ ಕಣ್ಸನ್ನೆ ಮಾಡಿದ.

ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು.

"ಎಂಬತ್ತು ಕೊಟ್ಟೇನಿ, ಎಂಬತ್ತೇ ಬರೀರಿ ಸಾಹೇಬ್ರ. ನಾಕು ರೂಪಾಯಿ ತಗೋರಿ. ಕಬಾಡ ಅಂತ ಸರಕಾರಿ ಕಾಗದದಾಗ ಬರದ್ರ, ಅದರಾಗ ಯಾವ ತಾಯಿ ಕೂಸಿನ್ನ ತಗೊಂಡು ಕೂಡ್ತಾಳ್ರಿ?"

ಮುನ್ಷಿ ನಾಲ್ಕು ರೂಪಾಯಿ ಎಣಿಸಿಕೊಂಡು ರಸೀದಿ ಬರೆದ. ಓದು ಬಾರದ ಗಿರಿಜಾಬಾಯಿ ಆ ರಸೀದಿಯನ್ನು ಹಮಾಲರೆಲ್ಲ ಕೇಳುವಂತೆ ಎರಡು ಸಲ ಗಟ್ಟಿಯಾಗಿ ಓದಿಸಿದಳು: ದೋಣಿ, ಹಳೆಯದು, ಗಟ್ಟಿಮುಟ್ಟು, ಬೆಲೆ ಎಂಬತ್ತು, ಮಾಲಕಿ ಗಿರಿಜಾಬಾಯಿ.

ಆ ವರ್ಷ ಹೊಳೆಗೆ ಮೊದಲ ನೀರು ಬಂದ ದಿನ, ಮತ್ತೆ ಡಾಂಬರು ಬಳಿದ ದೋಣಿಗೆ ಕೂಸು ಎತ್ತಿಕೊಂಡವರನ್ನೇ ಮೊದಲು ಹತ್ತಿಸಿಕೊಂಡಳು.