ಇಟ್ಟಿಗೆಯೊಳಗಿನ ಕೈ

"ನಾ ಏನ್ ತಿಳದೆ ಅಂದ್ರ, ಅದು ಮಾಸ್ತಿ ಕೈ. ನಮ್ಮೂರ ಅಗಸಿ ಬಾಗಲದಾಗ ಒಂದ ಕಲ್ಲ ಐತಲ್ಲ, ಬಳಿ ತೊಟ್ಟ ಕೈ ಎತ್ತಿದ್ದು? ಗಂಡನ ಚಿತಿ ಏರಿದಾಕಿದು. ಅಂಥಾ ಕೈ ಕಂಡಲ್ಲಿ ಅರಿಷಿಣ-ಕುಂಕುಮ ಹಚ್ಚಿ ಬೆಳದಾಕಿ ನಾ. ಇಲ್ಲೂ ಕಂಡ್ತು. ಸುಟ್ಟ ಇಟ್ಟಂಗ್ಯಾಗ ಇಷ್ಟ ಚೊಲೋ ಮೂಡೇತಿ ಅಂದ್ರ ಯಾರೋ ಪುಣ್ಯಾತ್ಗಿತ್ತಿದ ಇರಬೇಕಂತ ಸಂಚಿ ಬಿಚ್ಚಿದೆ. ಯಾರನ್ನೂ ಕೇಳಲಿಲ್ಲ. ದೇವ್ರಿಗೆ ಹಚ್ಚಾಕ ಯಾರನ್ನ ಕೇಳ್ತಾರ? ಅರಿಷಿಣ ನೀರಾಗ ಕಲಸಿ ಅಂಗೈ ತುಂಬ ಬಳದೆ, ಬೆರಳ ಸಂದ್ಯಾಗ ಕುಂಕುಮ ಇಟ್ಟೆ. ಅಷ್ಟರಾಗ ಆಕಿ ಚೀರಿದ್ಲು ನೋಡು, ಮನಿ ಬಿದ್ದಾಂಗ."

ಇದನ್ನು ಹೇಳುವಾಗ ಶಿವಬಸಮ್ಮ ಒಮ್ಮೆಯೂ ನಗುತ್ತಿರಲಿಲ್ಲ. ಆಕೆ ರೋಣದ ಕಡೆಯವಳು. ಎರಡನೆಯ ಇಯತ್ತೆಗೇ ಶಾಲೆ ಬಿಟ್ಟು, ಜೀತಕ್ಕಿದ್ದ ತಾಯಿಯ ಬೆನ್ನಿಗೆ ಗೌಡರ ದನದ ಕೊಟ್ಟಿಗೆಯಲ್ಲಿ ಸಗಣಿ ಬಳಿಯುತ್ತ ದೊಡ್ಡವಳಾದವಳು. ಮಗಳು ಪ್ರತಿಭಾಳ ಬಾಣಂತನಕ್ಕೆಂದು ಅಮೆರಿಕದ ಷಾರ್ಲೆಟ್‌ಗೆ ಬಂದವಳು ಅಲ್ಲೇ ಉಳಿದಳು.

ಅವರ ಅಪಾರ್ಟ್‌ಮೆಂಟಿನ ಹಿಂದಿನ ರಸ್ತೆ ದಾಟಿದರೆ ಒಂದು ಹಳೆಯ ಮನೆ. ಗುಲಾಮಗಿರಿ ಅಳಿಯಲೇಬೇಕೆಂದು ಹಟ ಹಿಡಿದವರು ಒಂದು ಕಾಲಕ್ಕೆ ಅಲ್ಲಿದ್ದರು; ಓಡಿಬಂದ ಗುಲಾಮರನ್ನು ಅಡುಗೆಮನೆಯ ನೆಲದಡಿ ಬಚ್ಚಿಟ್ಟು ಉತ್ತರಕ್ಕೆ ದಾಟಿಸುತ್ತಿದ್ದರಂತೆ. ಈಗ ಜನ ಅದನ್ನು ನೋಡಲು ಬರುತ್ತಾರೆ. ಕಾಯುವವಳು ಒಡೆಸ್ಸಾ, ಅಂಥ ಗುಲಾಮರ ಪೀಳಿಗೆಯಲ್ಲೇ ಹುಟ್ಟಿಬಂದ ಕಪ್ಪು ಹೆಂಗಸು, ಗಂಡ ತೀರಿಹೋದವಳು. ತೊಂಬತ್ತಾರರ ವಸಂತದ ಒಂದು ಶನಿವಾರ ಪ್ರತಿಭಾ ತಾಯಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದಳು. ಆ ಕೈ ಮೂಡಿದ್ದು ಅಲ್ಲಿಯ ಅಡುಗೆಮನೆಯ ಒಲೆಯ ಗೋಡೆಯ ಇಟ್ಟಿಗೆಯೊಂದರಲ್ಲಿ.

ಒಡೆಸ್ಸಾ ಚೀರಿದ್ದೇ ತಡ, ಶಿವಬಸಮ್ಮ ಸೆರಗಿನಿಂದ ಒರೆಸಲು ಹೋದಳು. ಒಡೆಸ್ಸಾ ಅವಳ ರಟ್ಟೆ ಹಿಡಿದುಬಿಟ್ಟಳು.

"ತಿಕ್ಕಬ್ಯಾಡ ಯವ್ವಾ!" ಪ್ರತಿಭಾಳ ಮುಖ ನಾಚಿಕೆಯಿಂದ ಕೆಂಪೇರಿತ್ತು. "ಬ್ರಿಕ್ ಭಾಳ ಸಾಫ್ಟ್ ಐತಂತ. ಬೆರಳೂ ಅಳಿಸಿ ಹೋಗ್ತಾವಂತ."

"ಯಾವ ತಾಯಿದು ಕೇಳ, ತಪ್ಪುಗಾಣಿಕಿ ಇಡೋಣ."

"ಯಾವ ತಾಯಿನೂ ಅಲ್ಲ! ಸ್ಲೇವ್ ಕೂಸಿಂದು. ಆಗ ಸಣ್ಣ ಸಣ್ಣ ಮಕ್ಕಳು ಭಟ್ಟ್ಯಾಗ ಹಸಿ ಇಟ್ಟಂಗಿ ಹೊರತಿದ್ರಂತ, ಒತ್ತಿದ ಕೈ ಹಂಗ ಸುಟ್ಟು ಉಳೀತಿತ್ತಂತ. ಗುಲಾಮ್ರನ್ನ ಬಿಡಿಸೋ ಈ ಮನಿಯವ್ರೂ ಒಲಿಗೆ ಇಟ್ಟಂಗಿ ತಂದಿದ್ದು ಆ ಭಟ್ಟಿಯಿಂದನ ಅಂತ."

ಒಡೆಸ್ಸಾ ಗೋಡೆ ನೋಡುತ್ತ ಮೆಲ್ಲಗೆ ಏನೋ ಹೇಳಿದಳು. ಪ್ರತಿಭಾ ದನಿ ತಗ್ಗಿಸಿ ಕನ್ನಡದಲ್ಲಿ ಹೇಳಿದಳು: "ಆಕಿ ಮುತ್ತಜ್ಜಿನೂ ಆ ಭಟ್ಟ್ಯಾಗ ಇದ್ದಳಂತ. ಗೋರಿ ಇಲ್ಲ, ಹೆಸರೂ ಉಳಿದಿಲ್ಲ. ದಿನಾ ಮುಂಜಾನೆ ಆ ಕೈಮ್ಯಾಲ ತನ್ನ ಕೈ ಇಡ್ತಾಳಂತ. 'ಆವಾಗ ಯಾರೂ ಅದನ್ನ ಕೂಸಂತ ನೋಡ್ಲಿಲ್ಲ. ಈಗ ನೀವು ದೇವ್ರ ಮಾಡಿದ್ರಿ. ಬಂದವ್ರು ಬಣ್ಣ ನೋಡ್ತಾರ, ಕೂಸನ್ನ ಯಾರ ನೋಡ್ತಾರ?' ಅಂತಾಳ."

ಶಿವಬಸಮ್ಮನಿಗೆ ಅಂದು ಊಟ ಸೇರಲಿಲ್ಲ. ಒಡೆದು ಸೀಳಿದ ತಾಯಿಯ ಅಂಗೈ ಕಣ್ಣ ಮುಂದೆ ಬರುತ್ತಿತ್ತು. ಅದರ ಗುರುತು ಯಾವ ಗೋಡೆಯ ಮೇಲೂ ಇಲ್ಲ.

ಮರುದಿನ ಮಗಳನ್ನು ಬೆನ್ನು ಹತ್ತಿ ಮತ್ತೆ ಕರೆದುಕೊಂಡು ಹೋದಳು. "ಅರಿಷಿಣ ಬಿಸಿಲಿಗೆ ಹೋಗ್ತೈತಿ ಅನ್ನು. ಒಲಿ ಎದರಿನ ಕಿಡಕಿ ತಗಿ ಅನ್ನು."

"ಕುಂಕುಮ?" ಎಂದಳು ಪ್ರತಿಭಾ.

"ಅದು ಹೋಗಂಗಿಲ್ಲ," ಎಂದಳು ಶಿವಬಸಮ್ಮ.

ಒಡೆಸ್ಸಾ ಕಿಟಕಿಯ ತುಕ್ಕು ಹಿಡಿದ ಚಿಲಕ ಎಳೆದಳು. ಬೇಸಿಗೆ ಮುಗಿಯುವಷ್ಟರಲ್ಲಿ ಹಳದಿ ಮಾಸಿತು. ಬೆರಳ ಸಂದಿಯ ಕೆಂಪು ಹಾಗೇ ಉಳಿಯಿತು, ಕೂಸಿನ ಕೈಗೆ ಪೆಟ್ಟಾದಂತೆ. ಒಡೆಸ್ಸಾ ಅದರ ಮೇಲೆ ಕೈ ಇಡುವುದನ್ನು ಬಿಟ್ಟಳು.

ಶಿವಬಸಮ್ಮ ಮಾತ್ರ ಹೋಗುವುದನ್ನು ಬಿಡಲಿಲ್ಲ. ಒಡೆಸ್ಸಾ ಕ್ಷಮಿಸಿದೆ ಅನ್ನಲಿಲ್ಲ, ಬರಬೇಡ ಅಂತಲೂ ಅನ್ನಲಿಲ್ಲ. ಬಾಗಿಲು ತೆಗೆದು ಹಳೆಯ ಅರಿವೆಯೊಂದನ್ನು ಕೈಗಿಡುತ್ತಿದ್ದಳು. ಶಿವಬಸಮ್ಮ ಅದನ್ನು ಬಕೆಟ್ಟಿನ ನೀರಲ್ಲಿ ಅದ್ದಿ ಹಿಂಡಿ, ಬಿಸಿಲು ಒಳಗೆ ಬೀಳಲೆಂದು ಕಿಟಕಿಯ ಗಾಜು ಒರೆಸತೊಡಗುತ್ತಿದ್ದಳು.