ಹತ್ತಕ್ಕೆ ಎರಡು

ವಾರಕ್ಕೆ ಮೂರು ದಿನ ಹರಿಹರದಿಂದ ಬಸ್ಸು ಹತ್ತಿ ದಾವಣಗೆರೆಗೆ ಡಯಾಲಿಸಿಸ್‌ಗೆ ಹೋಗುತ್ತೇನೆ. ತೋಳಿಗೆ ಸೂಜಿ ಚುಚ್ಚಿದ ಮೇಲೆ ನರ್ಸ್ ಪ್ರತಿ ಸಲವೂ ಕೇಳುತ್ತಾಳೆ: "ನೋವು ಹತ್ತಕ್ಕೆ ಎಷ್ಟೈತ್ರಿ ಅಮ್ಮಾ?" ನಾನು ಪ್ರತಿ ಸಲವೂ "ಟೂ, ಸಿಸ್ಟರ್, ಥ್ಯಾಂಕ್ಯೂ" ಎನ್ನುತ್ತೇನೆ. ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದೇ ಅದು: ಕಂಪ್ಲೇಂಟ್ ಮಾಡುವುದು ಬ್ಯಾಡ್ ಮ್ಯಾನರ್ಸ್.

ಮೊನ್ನೆ ಪಕ್ಕದ ಹಾಸಿಗೆಯಲ್ಲಿದ್ದ ಹರಿಹರದ ಹತ್ತಿರದ ಭಾನುವಳ್ಳಿಯ ಬೀಬಿ ಸುಮ್ಮನಿರದೆ ನರ್ಸನ್ನು ತಡೆದಳು.

"ಎರಡು ಅಂತ ಬರೀಬ್ಯಾಡವ್ವ, ಸುಳ್ಳು. ಚುಚ್ಚೋವಾಗ ಈ ಅಕ್ಕ ಸೆರಗು ಕಚ್ಚಿ ಹಿಡೀತಾರೆ. ಇಂಗ್ಲಿಷ್‌ನಾಗೆ ಹೇಳಿದ್ರೆ ನೋವು ಕಮ್ಮಿ ಆಗ್ತೈತೇನ್ರೀ ಅಕ್ಕ?"

ನನಗೆ ನಗು ಬಂತು, ಅದರ ಹಿಂದೆಯೇ ಅಳು. ಸೂಜಿಯನ್ನಾದರೂ ಹೇಗೋ ಸಹಿಸಬಹುದು. ಆದರೆ ಅವತ್ತು ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ದಾವಣಗೆರೆಯ ಎರಡು ಬಸ್ಸುಗಳನ್ನು ನೋಡುತ್ತಲೇ ಬಿಟ್ಟಿದ್ದೆ. ಹತ್ತುವ ಮನಸ್ಸೇ ಇರಲಿಲ್ಲ. ಅದನ್ನು ಯಾರಿಗೂ ಹೇಳಿರಲಿಲ್ಲ.

"ಎಂಟು," ಎಂದೆ, ಕನ್ನಡದಲ್ಲೇ. "ಇನ್ನು ಇಲ್ಲಿಗೆ ಬರೋದೇ ಬ್ಯಾಡ ಅನ್ನಿಸ್ತೈತೆ."

ನರ್ಸ್ ಬರೆಯುವುದನ್ನು ನಿಲ್ಲಿಸಿದಳು. ಬೀಬಿ ಮಾತ್ರ ಚಾವಣಿ ನೋಡುತ್ತಲೇ ಹೇಳಿದಳು: "ಗುರುವಾರ ಹರಿಹರ ಸ್ಟ್ಯಾಂಡಿನಾಗೆ ನಿಂತಿರ್ತೀನಿ. ನೀವು ಬಸ್ ಹತ್ತಲಿಲ್ಲಂದ್ರೆ ನಾನೂ ಹತ್ತಂಗಿಲ್ಲ, ನೋಡ್ರಿ."

ಗುರುವಾರ ಇಬ್ಬರೂ ಮೊದಲ ಬಸ್ಸನ್ನೇ ಹತ್ತಿದೆವು.