ಮೆಂಬರ್ ಉಸ್ಮಾನಾಕ

ಉಸ್ಮಾನಾಕನಿಗೆ ವಾಲಿಬಾಲ್ ಆಡಲು ಬರುತ್ತಿರಲಿಲ್ಲ. ಆದರೆ ವಾಲಿಬಾಲ್ ಜರ್ಸಿ ಇಲ್ಲದೆ ಅವರನ್ನು ನೋಡಿದವರು ವೇಣೂರಿನಲ್ಲಿ ಕಡಿಮೆ. ನಮ್ಮ ಯುವಕ ಮಂಡಲದ ಆ ಹಳದಿ ಜರ್ಸಿ ಅವರ ದೊಡ್ಡ ಹೊಟ್ಟೆಯ ಮೇಲೆ ಬಿಗಿದುಕೊಂಡು, ಬೆನ್ನಿನ ಮೇಲಿನ ಅಕ್ಷರಗಳು ಅತ್ತಿತ್ತ ಎಳೆದು ಓದಲಿಕ್ಕೇ ಆಗುತ್ತಿರಲಿಲ್ಲ. ಕೆಳಗೆ ಬಿಳಿ ಲುಂಗಿ, ತಲೆಗೊಂದು ಟೊಪ್ಪಿ. ಅದೇ ವೇಷದಲ್ಲಿ ಅವರು ಬಸ್‌ಸ್ಟ್ಯಾಂಡಿನ ಎದುರಿನ ತಮ್ಮ ಫ್ಯಾನ್ಸಿ ಅಂಗಡಿಯಲ್ಲಿ ಬಳೆ, ಕೊಡೆ, ಚಪ್ಪಲಿಗಳ ನಡುವೆ ಕೂತಿರುತ್ತಿದ್ದರು. ಶುಕ್ರವಾರ ಮಸೀದಿಗೆ ಹೋಗುವಾಗ ಮಾತ್ರ ಇಸ್ತ್ರಿ ಮಾಡಿದ ಬಿಳಿ ಅಂಗಿ.

ಬ್ಯಾಂಕಿಗೆ ಹೊಸ ಮ್ಯಾನೇಜರು ಬಂದಾಗ, "ನೀವು ಏನು ಮಾಡಿಕೊಂಡಿದ್ದೀರಿ?" ಎಂದು ಕೇಳಿದರಂತೆ.

"ನಾನು ಮೆಂಬರ್."

"ಯಾವುದರ ಮೆಂಬರ್?"

"ಕ್ಲಬ್ಬಿನದ್ದು ಸಾರ್. ಮತ್ತೆ, ಒಂದು ಅಂಗಡಿಯೂ ಉಂಟು."

ಕ್ಲಬ್ ಎಂದರೆ ನಮ್ಮ ಯುವಕ ಮಂಡಲ, ಅಂಗಡಿಯ ಪಕ್ಕದಲ್ಲಿದ್ದ ಹಂಚಿನ ಒಂದು ಕೋಣೆ. ಒಳಗೆ ಕೇರಂ ಬೋರ್ಡು, ಎರಡು ಬೆಂಚು, ದಿನಪತ್ರಿಕೆಗಳು, ಬೀಗವಿಲ್ಲದ ಕಪಾಟಿನಲ್ಲಿ ಪುಸ್ತಕಗಳು. ಹಿಂದೆ ವಾಲಿಬಾಲ್ ಅಂಕಣ. ಪ್ರತಿ ಮಹಾಸಭೆಯಲ್ಲೂ ಯಾರಾದರೊಬ್ಬರು ಉಸ್ಮಾನಾಕ ಅಧ್ಯಕ್ಷರಾಗಬೇಕು ಎನ್ನುತ್ತಿದ್ದರು. ಅವರ ಉತ್ತರ ಸಿದ್ಧವಿರುತ್ತಿತ್ತು. "ಬೇಡ ಮಾರಾಯ. ಅಧ್ಯಕ್ಷನಾದರೆ ಮುಂದಿನ ವರ್ಷ ಇಳಿಬೇಕು. ಮೆಂಬರನನ್ನು ಇಳಿಸುವವ ಯಾರು?"

ನಾನು ಅವರನ್ನು ಸರಿಯಾಗಿ ಅರಿತದ್ದು ತೊಂಬತ್ತರ ದಶಕದ ನಡುವಿನಲ್ಲಿ, ಮೂಡಬಿದಿರೆಯಲ್ಲಿ ಡಿಗ್ರಿ ಮುಗಿಸಿ ಬಿ.ಎಡ್. ಕೂಡ ಮಾಡಿ, ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದಾಗ. ನನ್ನ ಅಪ್ಪ ಬಸದಿಯಲ್ಲಿ ಪೂಜೆ ಮಾಡುವ ಇಂದ್ರರು. ಮನೆಗೆ ಪತ್ರಿಕೆ ಬರುತ್ತಿರಲಿಲ್ಲ. ಉದ್ಯೋಗದ ಜಾಹೀರಾತು ನೋಡಬೇಕೆಂದರೆ ಕ್ಲಬ್ಬಿಗೇ ಹೋಗಬೇಕು. ಅಲ್ಲಿಯೋ ಬರೇ ಗಂಡಸರು. ನಾನು ಬಸ್ಸಿಗೆ ಕಾಯುವವಳ ಹಾಗೆ ಜಗಲಿಯ ಬಳಿ ನಿಂತು, ಕಿಟಕಿಯಿಂದ ಯಾರೋ ಬಿಡಿಸಿಟ್ಟ ಪುಟವನ್ನು ಓರೆಯಾಗಿ ಓದುತ್ತಿದ್ದೆ.

ಒಂದು ದಿನ ಉಸ್ಮಾನಾಕ ಅಂಗಡಿಯಿಂದಲೇ ಕರೆದರು. "ಇಂದ್ರರ ಮಗಳಲ್ಲವಾ? ಯಾವ ಬಸ್ಸಿಗೆ ಕಾಯುವುದು ನೀನು? ಎಲ್ಲ ಬಸ್ಸೂ ಹೋಯ್ತಲ್ಲ."

ನಾನು ನಾಚಿ, ಪೇಪರಿನ ವಿಷಯ ಹೇಳಿದೆ. ಒಂದು ಪ್ರತಿ ಅಂಗಡಿಗೆ ತರಿಸಿ ಕೊಡುತ್ತಾರೇನೋ ಎಂದುಕೊಂಡಿದ್ದೆ. ಅವರು ತಲೆಯಾಡಿಸಿದರು.

"ಪೇಪರ್ ಇಲ್ಲಿಗೆ ತಂದು ಕೊಡಬಹುದು. ಆದರೆ ಅದು ಸರಿಯಲ್ಲ. ನೀನು ಒಳಗೆ ಬೆಂಚಿನ ಮೇಲೆ ಕೂತು ಓದಬೇಕು. ಮೆಂಬರ್ ಆಗು."

ಆ ವಾರದ ಸಭೆಯಲ್ಲಿ ನನ್ನ ಹೆಸರು ಎತ್ತಿದರಂತೆ. ಅಧ್ಯಕ್ಷರು ಸುಂದರ ಮಾಸ್ತರರು. ಸಜ್ಜನರು, ಆದರೆ ನಿಯಮ ಬಿಟ್ಟು ಕದಲುವವರಲ್ಲ. "ಉಸ್ಮಾನ್, ನಮ್ಮ ಹೆಸರೇ ಯುವಕ ಮಂಡಲ. ಹುಡುಗಿಯನ್ನು ಸೇರಿಸಿಕೊಳ್ಳುವುದು ಹೇಗೆ?"

"ಮಾಸ್ಟ್ರೇ, ನನಗೆ ಐವತ್ತು ಹತ್ತಿರ ಬಂತು. ನಾನು ಯುವಕನಾ?"

ಎಲ್ಲರೂ ನಕ್ಕರು. ಹಿಂದಿನಿಂದ ಯಾರೋ, "ಹುಡುಗಿಯರು ಬಂದರೆ ನಾವು ಬಾಯಿಗೆ ಬಂದ ಹಾಗೆ ಮಾತಾಡ್ಲಿಕ್ಕೆ ಆಗುದಿಲ್ಲ" ಎಂದರು.

"ಒಳ್ಳೇದೇ ಆಯ್ತಲ್ಲ ಮಾರಾಯ! ನಿನ್ನ ಬಾಯಿ ಶುದ್ಧ ಆಯ್ತೆಂದು ನಿನ್ನ ಅಮ್ಮ ನನಗೆ ಎರಡು ಊಟ ಹೆಚ್ಚು ಹಾಕ್ತಾರೆ."

ಮಾಸ್ತರರೂ ನಕ್ಕುಬಿಟ್ಟರು. ಕ್ಲಬ್ಬಿನ ಮಟ್ಟಿಗೆ ಅಲ್ಲಿಗೆ ಮುಗಿಯಿತು. ಕಷ್ಟ ಇದ್ದದ್ದು ನಮ್ಮ ಮನೆಯಲ್ಲಿ. ಅಪ್ಪ ಕಡ್ಡಿ ಮುರಿದ ಹಾಗೆ ಬೇಡ ಎಂದರು. ಗಂಡಸರ ಜಾಗ, ನಾಲ್ಕು ಜನ ನಾಲ್ಕು ಮಾತು ಆಡುತ್ತಾರೆ ಎಂಬ ಅಂಜಿಕೆ ಅವರದು. ಮರುದಿನ ಉಸ್ಮಾನಾಕ ಮನೆಗೆ ಬಂದರು. ಜಗಲಿಯಲ್ಲಿ ಕೂತು, ಅಮ್ಮ ಕೊಟ್ಟ ಬೆಲ್ಲ ನೀರು ಕುಡಿದು, ನನ್ನ ವಿಷಯ ಎತ್ತಲೇ ಇಲ್ಲ. ತಾವು ಗಲ್ಫಿನ ದಮಾಮಿನಲ್ಲಿ ದುಡಿಯುತ್ತಿದ್ದ ಕಾಲದ ಕತೆ ಹೇಳಿದರು.

"ಕಂಪೆನಿಯಲ್ಲಿ ನನಗೆ ಹೆಸರು ಇರಲಿಲ್ಲ ಇಂದ್ರರೇ. ನಂಬ್ರ ಕರೆದರೆ ಹೋಗುವುದು. ಶುಕ್ರವಾರ ಮಾತ್ರ ನಮ್ಮ ಬೆಳ್ತಂಗಡಿ ಕಡೆಯವರು ಒಂದು ರೂಮಿನಲ್ಲಿ ಸೇರ್ತಿದ್ದೆವು. ಕ್ಲಬ್ ಅಂತ ಹೆಸರು ಇಟ್ಟಿದ್ದೆವು. ಅಲ್ಲಿ ತುಳು ಮಾತು, ಗಂಜಿ ಊಟ. ನನ್ನ ಬಾಪ ತೀರಿಹೋದ ಸುದ್ದಿ ಬಂದಾಗ ಊರಿಗೆ ಬರ್ಲಿಕ್ಕೆ ರಜೆ ಸಿಗಲಿಲ್ಲ. ಆ ರೂಮಿನವರು ಕೆಲಸ ಬಿಟ್ಟು ಬಂದು ನನ್ನ ಹತ್ತಿರ ಕೂತರು. ಒಬ್ಬ ಭಟ್ರು, ಒಬ್ಬ ಕ್ರಿಶ್ಚಿಯನ್ ಪೊರ್ಬು, ಒಬ್ಬ ಪೂಜಾರಿ. ಯಾರೂ ಏನೂ ಹೇಳಲಿಲ್ಲ. ಕೂತರು, ಅಷ್ಟೆ. ಅವರು ಇಲ್ಲದಿದ್ದರೆ ನನಗೆ ಹುಚ್ಚು ಹಿಡಿತಿತ್ತು."

ಅಪ್ಪ ಎದ್ದು, ಖಾಲಿಯಾದ ಲೋಟ ಒಳಗಿಟ್ಟು ಬಂದರು. ಆಮೇಲೆ, "ಹೊತ್ತು ಮುಳುಗುವ ಮೊದಲು ಮನೆಗೆ ಬಂದುಬಿಡಬೇಕು" ಎಂದರು. ನನಗೆ ಹೇಳಿದ್ದೋ ಅವರಿಗೆ ಹೇಳಿದ್ದೋ, ಇಬ್ಬರೂ ಒಪ್ಪಿದೆವು.

ನನ್ನ ಹಿಂದೆಯೇ ಪೋಸ್ಟ್‌ಮ್ಯಾನನ ಮಗಳು ಬಂದಳು. ಬೀಡಿ ಕಟ್ಟುವ ಮನೆಗಳ ಇಬ್ಬರು ಹುಡುಗಿಯರು ಬಂದರು. ನಮಗೆ ಒಂದು ಬೆಂಚು ನಮ್ಮದೇ ಆಯಿತು. ಅದರ ಮೇಲೆ ಕೂತು ಪೇಪರ್ ಬಿಡಿಸುವಾಗ ಆಗುತ್ತಿದ್ದ ಸಂತೋಷ ಈಗ ಹೇಳಿದರೆ ಸಣ್ಣದೆನಿಸಬಹುದು. ಮನೆಯಲ್ಲಿ ನಾನು ಇಂದ್ರರ ಮಗಳು, ದಾರಿಯಲ್ಲಿ ಮದುವೆಯಾಗಬೇಕಾದ ಹುಡುಗಿ. ಅಲ್ಲಿ ಮಾತ್ರ, ಬೆಂಚಿನ ಆ ತುದಿಯಲ್ಲಿ, ನಾನು ಯಾರಿಗೂ ಏನೂ ಆಗಬೇಕಾಗಿರಲಿಲ್ಲ.

ಕೆಲವು ವರ್ಷಗಳ ಮೇಲೆ ಕೆಳಗಿನ ಯಾವುದೋ ಪೇಟೆಯಲ್ಲಿ ಎರಡು ಕೋಮಿನವರ ನಡುವೆ ಗಲಾಟೆಯಾಯಿತು. ಬಂಟ್ವಾಳದ ಬಸ್ಸುಗಳು ನಿಂತವು. ನಮ್ಮಲ್ಲಿ ಏನೂ ಆಗಿರಲಿಲ್ಲ, ಆದರೂ ಜನ ತಗ್ಗಿದ ದನಿಯಲ್ಲಿ ಮಾತಾಡತೊಡಗಿದರು. ಸಂಜೆ ಹುಡುಗರು ಆಟಕ್ಕೆ ಬರಲಿಲ್ಲ. "ಸ್ವಲ್ಪ ದಿನ ಅಂಗಡಿ ಬಿಟ್ಟು ಆಚೆ ಬರಬೇಡಿ" ಎಂದು ಉಸ್ಮಾನಾಕನಿಗೆ ಕ್ಲಬ್ಬಿನವರೇ ಕೆಲವರು ಹೇಳಿದರು. "ಆ ಕ್ಲಬ್ಬಿಗೆ ಹೋಗುವುದು ಎಂತಕ್ಕೆ?" ಎಂದು ಅವರ ಮಸೀದಿಯವರೂ ಹೇಳಿದರು.

ಮೂರನೆಯ ಸಂಜೆ ನಾನು ಒಳಗೆ ಒಬ್ಬಳೇ ಪೇಪರ್ ಓದುತ್ತಿದ್ದೆ. ಉಸ್ಮಾನಾಕ ಅಂಗಡಿ ಬಾಗಿಲೆಳೆದು ಬಂದು, ಏದುಸಿರು ಬಿಡುತ್ತಾ ಅಂಕಣದಲ್ಲಿ ಬಲೆ ಕಟ್ಟತೊಡಗಿದರು. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಜಾರುತ್ತಿತ್ತು. ನಾನು ಹೋಗಿ ಹಿಡಿದುಕೊಂಡೆ. ಕಟ್ಟಿ ಮುಗಿಸಿ, ಚೆಂಡನ್ನು ಮಡಿಲಲ್ಲಿಟ್ಟುಕೊಂಡು ಕಲ್ಲಿನ ಮೇಲೆ ಕೂತರು.

ಆಗ ಅಪ್ಪ ಬಸದಿಯಿಂದ ಮನೆಗೆ ಹೋಗುತ್ತಾ ಆ ದಾರಿಯಾಗಿ ಬಂದರು. ಒಂದು ದಿನವೂ ಕ್ಲಬ್ಬಿನ ಒಳಗೆ ಕಾಲಿಡದವರು ರಸ್ತೆಯಲ್ಲಿ ನಿಂತು, ನೋಡಿ, ಕೊಡೆ ಮಡಚಿ ಅಂಕಣಕ್ಕೆ ಇಳಿದರು.

"ಆಟ ಇಲ್ಲವಾ ಇವತ್ತು?"

"ಜನ ಇಲ್ಲ ಇಂದ್ರರೇ. ನಿಮಗೆ ಆಡ್ಲಿಕ್ಕೆ ಬರ್ತದಾ?"

"ಇಲ್ಲಪ್ಪ."

"ನನಗೂ ಬರುದಿಲ್ಲ. ಆಡುವ."

ಅಪ್ಪ ಪಂಚೆ ಎತ್ತಿ ಕಟ್ಟಿದರು. ಉಸ್ಮಾನಾಕ ಎಸೆದ ಚೆಂಡು ಬಲೆಯ ಕೆಳಗಿನಿಂದ ಹೋಯಿತು. ಅಪ್ಪ ಹೊಡೆದದ್ದು ಹಿಂದಕ್ಕೆ, ಕ್ಲಬ್ಬಿನ ಹಂಚಿನ ಮೇಲೆ ಬಿತ್ತು. ಬಸ್‌ಸ್ಟ್ಯಾಂಡಿನಲ್ಲಿದ್ದವರು ಒಬ್ಬೊಬ್ಬರೇ ಬೇಲಿಯ ಹತ್ತಿರ ಬಂದರು. ಯಾರೋ ನಕ್ಕರು. ಉಸ್ಮಾನಾಕ ಜಾರಿ ಕುಕ್ಕರಿಸಿ ಬಿದ್ದಾಗ ಎಲ್ಲರೂ ನಕ್ಕರು, ಅಪ್ಪನಂತೂ ಕಣ್ಣೀರು ಬರುವಷ್ಟು. ಕೊನೆಗೆ ನಮ್ಮ ತಂಡದ ರಮೇಶ ತಡೆಯಲಾರದೆ ಬೇಲಿ ಹಾರಿ ಬಂದು, "ನೀವಿಬ್ಬರೂ ಆಟದ ಮರ್ಯಾದೆ ತೆಗಿತೀರಿ, ಇಲ್ಲಿ ಕೊಡಿ" ಎಂದು ಚೆಂಡು ಕಿತ್ತುಕೊಂಡ. ಅವನ ಹಿಂದೆ ಇಬ್ಬರು ಬಂದರು. ಮರುದಿನ ತಂಡ ತುಂಬಿತು. ಊರಿನ ಮನಸ್ಸೆಲ್ಲ ಒಂದೇ ಸಂಜೆಗೆ ತಿಳಿಯಾಯಿತು ಎಂದು ಹೇಳಲಾರೆ. ಬಿಟ್ಟು ಹೋದ ಒಬ್ಬಿಬ್ಬರು ಮತ್ತೆ ಬರಲೇ ಇಲ್ಲ. ಆದರೆ ಬಲೆ ಮಾತ್ರ ಪ್ರತಿ ಸಂಜೆ ಏರಿತು.

ಆ ಬೆಂಚಿನ ಮೇಲೆ ಕಂಡ ಜಾಹೀರಾತಿನಿಂದಲೇ ನನಗೆ ಬೆಳ್ತಂಗಡಿಯ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ಮದುವೆಯಾಗಿ ಅಲ್ಲೇ ಮನೆ ಮಾಡಿದೆ. ಉಸ್ಮಾನಾಕನಿಗೆ ಸಕ್ಕರೆ ಕಾಯಿಲೆ ಜೋರಾಗಿದೆ ಎಂದು ತಿಳಿದು ನೋಡಲು ಹೋದಾಗ ಅವರು ಅರ್ಧಕ್ಕರ್ಧ ಇಳಿದಿದ್ದರು. ನನ್ನ ಗಂಡ, ಮಗು, ಶಾಲೆ ಎಲ್ಲ ವಿಚಾರಿಸಿ, "ಅಲ್ಲಿ ಕ್ಲಬ್ ಉಂಟಾ?" ಎಂದರು.

"ಇಲ್ಲ ಉಸ್ಮಾನಾಕ. ನಮ್ಮ ಓಣಿಯಲ್ಲಿ ಪಕ್ಕದ ಮನೆಯವರ ಹೆಸರೂ ಸರಿಯಾಗಿ ಗೊತ್ತಿಲ್ಲ."

"ಹಾಗೆ ಇರ್ಲಿಕ್ಕೆ ಆಗ್ತದಾ? ಒಬ್ಬಳನ್ನು ಚಾಗೆ ಕರೆ. ಎರಡನೆಯವಳನ್ನು ಕರೆಯುವುದು ಬೇಡ. ಇವರಿಬ್ಬರು ಎಂತ ಮಾತಾಡ್ತಾರೆ ಎಂದು ನೋಡ್ಲಿಕ್ಕೆ ಅವಳೇ ಬರ್ತಾಳೆ."

ಒಳಗಿನಿಂದ ಅವರ ಹೆಂಡತಿ ಆಯಿಷಮ್ಮ, "ಪೇಟೆಯ ಹೆಂಗಸರು ಹಾಗೆಲ್ಲ ಬರುದಿಲ್ಲ" ಎಂದರು. ಉಸ್ಮಾನಾಕ ನನ್ನ ಕಡೆ ಕಣ್ಣು ಹೊಡೆದರು.

ಮುಂದಿನ ಭಾನುವಾರ ಎದುರು ಮನೆಯ ಲಿಲ್ಲಿಬಾಯಿಯನ್ನು ಕರೆದೆ. ಆ ಮಳೆಗಾಲ ಮುಗಿಯುವಷ್ಟರಲ್ಲಿ ನಮ್ಮ ಜಗಲಿಯಲ್ಲಿ ಕುರ್ಚಿ ಸಾಲದಾಯಿತು. ಇದನ್ನು ಹೇಳಬೇಕೆಂದು ವೇಣೂರಿಗೆ ಹೊರಡುವ ಯೋಚನೆಯಲ್ಲಿದ್ದಾಗ ಅಪ್ಪನ ಫೋನು ಬಂತು. ನಾನು ತಲುಪುವಾಗ ದಫನ ಮುಗಿದು, ಗಂಡಸರು ಮಸೀದಿಯಿಂದ ಹಿಂದಿರುಗುತ್ತಿದ್ದರು.

ಒಳಕೋಣೆಯಲ್ಲಿ ಹೆಂಗಸರ ನಡುವೆ ಆಯಿಷಮ್ಮ ಚಾಪೆಯ ಮೇಲೆ ಕೂತಿದ್ದರು. ನಾನು ಪಕ್ಕದಲ್ಲಿ ಕೂತೆ. ಅವರು ನನ್ನ ಕೈ ಹಿಡಿದುಕೊಂಡು ಕೇಳಿದರು.

"ಆ ಎರಡನೆಯವಳು ಬಂದಳಾ?"

"ಬಂದಳು."

"ಕರೆಯದೆ?"

"ಕರೆಯದೆಯೇ."

ಆಯಿಷಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಅತ್ತು ಊದಿದ ಮುಖದಲ್ಲೇ ಸಣ್ಣಗೆ ನಕ್ಕರು. "ಬಂದೇ ಬರ್ತಾಳೆ ಅಂತ ದಿನಾ ನನ್ನ ಹತ್ತಿರ ಜಗಳ ಆಡ್ತಿದ್ದರು" ಎಂದರು.